ಎಣೆಗಟ್ಟುವ ಹಗ್ಗ

ಹಿನಕಲ್ಲಿನ ಬೀರಯ್ಯನ ಮನೆಗೆ ಆ ಭಾನುವಾರ ಇಬ್ಬರು ಬಂದರು. ಒಬ್ಬಳು ಯಾರೂ ಕರೆಯದೆ ಬಂದ ಮಗಳು, ಇನ್ನೊಬ್ಬರು ಮೊದಲೇ ಹೇಳಿಕಳಿಸಿ ಬಂದ ಮೇಷ್ಟ್ರು.

ಮಗಳು ದೇವಿರಮ್ಮ ಬಂದಾಗ ಬೀರಯ್ಯ ಇನ್ನೂ ಹಲ್ಲುಜ್ಜಿರಲಿಲ್ಲ. ಮಂಡಿ ಮೊಹಲ್ಲಾದ ಗಂಡನ ಮನೆಯಿಂದ ನಡೆದೇ ಬಂದಿದ್ದಳು. ಮೊಣಕಾಲವರೆಗೂ ಧೂಳು. ಕೈಯಲ್ಲಿ ಗಂಟಿಲ್ಲ, ಸೊಂಟದ ಮೇಲೆ ಕೂಸಿಲ್ಲ. ಉಟ್ಟಿದ್ದು ಅವಳ ಅಕ್ಕ ಶಿವನಂಜಿಯ ಸೀರೆ. ಹಸಿರು ಮೈ, ಅರಿಶಿನದ ಅಂಚು. ದೊಡ್ಡ ಮಗಳ ಮದುವೆಗೆಂದು ಬೀರಯ್ಯನೇ ತೆಗೆದಿದ್ದ ಸೀರೆ ಅದು. ಶಿವನಂಜಿ ಸತ್ತು ಎರಡು ವರ್ಷವಾಗಿತ್ತು. ಬಾಗಿಲಲ್ಲಿ ಆ ಸೀರೆ ಕಂಡ ಕೂಡಲೇ ಒಂದು ಗಳಿಗೆ ಅವಳೇ ಬಂದು ನಿಂತಳೇನೋ ಅನ್ನಿಸಿತು ಬೀರಯ್ಯನಿಗೆ. ಹಾಗೆ ಅನ್ನಿಸಿದ್ದಕ್ಕೆ ತನ್ನೊಳಗೇ ಕುಗ್ಗಿದ.

"ಕೂಸೆಲ್ಲಿ?" ಎಂದಳು ತಾಯಿ ಬೋರಮ್ಮ.

"ಅಲ್ಲೇ ಅದೆ."

"ಏಳ್ಬುಟ್ ಬಂದ್ಯಾ?"

"ಇಲ್ಲ." ದೇವಿರಮ್ಮ ಜಗಲಿಯ ಮೇಲೆ ಕೂತಳು. "ನಾನಿನ್ನು ಅಲ್ಲಿಗೆ ಓಗಾಕಿಲ್ಲ ಕಣವ್ವ. ಏನೂ ಕೇಳ್ಬ್ಯಾಡ."

ಬೋರಮ್ಮ ಗಂಡನ ಮುಖ ನೋಡಿದಳು. ಇಂಥ ಹೊತ್ತಿನಲ್ಲಿ ಮಾತಾಡಬೇಕಾದವನು ಅವನು. ಬೀರಯ್ಯ ಬೇವಿನ ಕಡ್ಡಿಯನ್ನು ಬಾಯಿಂದ ತೆಗೆದು, "ಮೊದ್ಲು ಕಾಲು ತೊಳ್ಕೊ ಮಗಾ. ಒಂದು ತುತ್ತು ಉಣ್ಣು. ಸಂಜೆ ನಾನೇ ಕರ್ಕೊಂಡೋಗಿ ಬುಟ್ಟು ಬತ್ತೀನಿ" ಎಂದ. ಮೆತ್ತಗೇ ಹೇಳಿದ. ಆದರೂ ಅವಳು ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಬೀರಯ್ಯನಿಗೆ ಊರಲ್ಲಿ ಹೆಸರಿದ್ದದ್ದು ಅವನ ಎರಡೆಕರೆ ಹೊಲದಿಂದಲ್ಲ, ಎತ್ತುಗಳಿಗೆ ಜೊತೆ ನೋಡುವುದರಿಂದ. ಮೈಸೂರಿನ ಸೌದೆ ಡಿಪೋಗಳ ಗಾಡಿಯವರು, ಇಟ್ಟಿಗೆ ಹೊಡೆಯುವವರು, ಒಂಟಿಕೊಪ್ಪಲಿನ ಕಡೆ ಹೊಸ ಮನೆಗಳಿಗೆ ಕಲ್ಲು ಸಾಗಿಸುವವರು, ಎಲ್ಲರೂ ಎತ್ತು ಕೊಳ್ಳುವ ಮೊದಲು ಅವನ ಬಾಗಿಲಿಗೆ ಬರುತ್ತಿದ್ದರು. ಸಂತೆಯ ದಲ್ಲಾಳಿಗಳು ಹಲ್ಲು ಹಿಡಿದು ನೋಡುತ್ತಾರೆ, ಸುಳಿ ನೋಡುತ್ತಾರೆ, ಕೊಂಬನ್ನು ಗೇಣಲ್ಲಿ ಅಳೆಯುತ್ತಾರೆ. ಬೀರಯ್ಯ ಅದೊಂದನ್ನೂ ಮಾಡುತ್ತಿರಲಿಲ್ಲ. ಗೂಟದಲ್ಲಿ ನೇತುಹಾಕಿದ್ದ ಒಂದು ಹಳೆಯ ಸೆಣಬಿನ ಹಗ್ಗ ತೆಗೆಯುತ್ತಿದ್ದ. ಅಪ್ಪನ ಕಾಲದ್ದು, ಎಣ್ಣೆ ಬೆವರು ಕುಡಿದು ಕರ್ರಗಾಗಿತ್ತು. ಎರಡು ಎತ್ತಿನ ಕೊರಳಿಗೂ ಅದೊಂದನ್ನೇ ಸುತ್ತಿ, ನಡುವೆ ಎರಡು ಮೊಳ ಸಡಿಲ ಬಿಟ್ಟು, ನೊಗವಿಲ್ಲದೆ ಬಾರುಕೋಲಿಲ್ಲದೆ ಬಯಲಲ್ಲಿ ನಡೆಸುತ್ತಿದ್ದ. ಹೀಗೆ ಮಾಡುವುದಕ್ಕೆ ಅವರ ಮನೆಯಲ್ಲಿ ಒಂದು ಮಾತಿತ್ತು: ಎಣೆಗಟ್ಟೋದು.

ಆ ಮಾತು ಊರಲ್ಲಿ ಇನ್ಯಾರ ಬಾಯಲ್ಲೂ ಉಳಿದಿರಲಿಲ್ಲ. ಉಳಿದವರು 'ಜೋಡಿ ನೋಡೋದು' ಎನ್ನುತ್ತಿದ್ದರು. ಮೇಷ್ಟ್ರು ಬಂದದ್ದು ಆ ಮಾತಿಗಾಗಿಯೇ.

ಮರಿಸ್ವಾಮಿ ಮೇಷ್ಟ್ರು ಗೋಕುಲಂ ಕಡೆ ಮನೆ ಕಟ್ಟಿಸುವಾಗ ಬೀರಯ್ಯ ಗಾಡಿಯಲ್ಲಿ ಕಲ್ಲು ಸಾಗಿಸಿದ್ದ. ಆಗ ಎತ್ತುಗಳನ್ನು ಬಿಚ್ಚುತ್ತ ಯಾವುದೋ ಮಾತಿಗೆ, "ಇವೆರಡ ಎಣೆಗಟ್ಟಿದ್ದು ನಾನೇ ಸ್ವಾಮಿ" ಅಂದಿದ್ದನಂತೆ. ಮೇಷ್ಟ್ರು ಬಿಸಿಲಲ್ಲಿ ಹಾಗೇ ನಿಂತುಬಿಟ್ಟಿದ್ದರು. ಅವರು ಹಳೆಯ ಓಲೆಗರಿಗಳನ್ನು ಓದುವವರು. ನಿಘಂಟು ಮಾಡುವವರಿಗೆ ಚೀಟಿಗಳಲ್ಲಿ ಪದ ಬರೆದು ಕಳಿಸುವವರು. ಅಂಥದೊಂದು ಓಲೆಯಲ್ಲಿ ಈ ಮಾತು ಒಂದೇ ಒಂದು ಸಲ ಸಿಕ್ಕಿ ಅವರನ್ನು ತಿಂಗಳುಗಟ್ಟಲೆ ಕಾಡಿಸಿತ್ತು.

ರಾಜ್ಯವೆಲ್ಲ ಒಂದಾದ ಮರುವರ್ಷದ ಆ ಭಾನುವಾರ ಕೊಡೆ ಮಡಚಿ ಜಗಲಿಯ ಮೇಲೆ ಕೂತು, ಮೇಷ್ಟ್ರು ಜೇಬಿನಿಂದ ಚೀಟಿಗಳ ಕಟ್ಟು ತೆಗೆದರು.

"ಬೀರಯ್ಯನವರೇ, ನಾನು ಓದಿದ ಓಲೆಯಲ್ಲಿ ಕವಿ ಏನು ಹೇಳ್ತಾನೆ ಅಂದ್ರೆ, ರಾಣಿಯ ಕಣ್ಣನ್ನು ತಾವರೆಗೆ ಎಣೆಗಟ್ಟಿದರು ಅಂತ. ಅಂದ್ರೆ ಹೋಲಿಸಿದರು ಅಂತ ನಾನು ಬರ್ಕೊಂಡಿದೀನಿ. ಸರಿಯೇ?"

"ಕಣ್ಣ ತಂದು ತಾವರೇಗೆ ಕಟ್ಟಿದ್ರಾ?" ಬೋರಮ್ಮ ಒಳಗಿಂದಲೇ ಕೇಳಿದಳು. "ರಾಣಿ ಸುಮ್ಕಿದ್ಲಾ?"

ಮೇಷ್ಟ್ರು ನಕ್ಕುಬಿಟ್ಟರು. "ಕವಿಗಳು ಹಾಗೇ ಕಣಮ್ಮ. ಅವರಿಗೆ ಕಟ್ಟೋ ಕಷ್ಟ ಇರಲ್ಲ, ಬಾಯಲ್ಲಿ ಹೇಳಿದ್ರೆ ಆಯ್ತು. ಎಣೆ ಅಂದ್ರೆ ಜೊತೆ. ಜೋಡಿ ಬಿಟ್ಟಿರದ ಹಕ್ಕಿಗೆ ಎಣೆವಕ್ಕಿ ಅಂತಿದ್ರು ಹಿಂದೆ. ಆದ್ರೆ ಜೊತೆ ಅನ್ನೋ ಮಾತಿಂದ ಹೋಲಿಸೋ ಮಾತು ಹೇಗೆ ಬಂತು, ಅದು ನಂಗೆ ಗೊತ್ತಿಲ್ಲ. ಕಟ್ಟೋದು ಯಾಕೆ ಬಂತು, ಅದೂ ಗೊತ್ತಿಲ್ಲ. ನೀವೇ ಹೇಳ್ಬೇಕು."

ಓದಿದವರೊಬ್ಬರು ತನ್ನ ಮನೆಗೆ ಬಂದು ನನಗೆ ಗೊತ್ತಿಲ್ಲ ಎಂದದ್ದು ಬೀರಯ್ಯನಿಗೆ ಹಿತವಾಯಿತು. ಬೆಳಗಿನ ಮುಜುಗರವೂ ಸ್ವಲ್ಪ ಮರೆತಂತಾಯಿತು. "ಬಾಯಲ್ಲಿ ಏಳಿದ್ರೆ ಆಗಾಕಿಲ್ಲ ಸ್ವಾಮಿ, ತೋರಿಸ್ತೀನಿ ಬನ್ನಿ" ಎಂದು ಹಗ್ಗ ತೆಗೆದುಕೊಂಡು ಹೊರಗೆ ನಡೆದ.

ತನ್ನ ಬಿಳಿ ಎತ್ತಿನ ಕೊರಳಿಗೆ ಒಂದು ತುದಿ, ಪಕ್ಕದ ಮನೆಯ ಮಹದೇವುವಿನ ಕಂದು ಎತ್ತಿಗೆ ಇನ್ನೊಂದು ತುದಿ. ಹಿಂದೆ ನಿಂತು ನಾಲಗೆಯಲ್ಲಿ ಒಂದು ಸದ್ದು ಮಾಡಿದ. ಎರಡೂ ಬಯಲ ಸುತ್ತ ನಡೆಯತೊಡಗಿದವು. ಮೇಷ್ಟ್ರು ಪಂಚೆ ಎತ್ತಿಕಟ್ಟಿ ಜೊತೆಯಲ್ಲೇ ಹೆಜ್ಜೆ ಹಾಕಿದರು.

"ಯಾವುದು ಬಲವಾದ್ದು ಅಂತ ನೋಡ್ತೀರಾ?"

"ಅಯ್, ಅದ ನೋಡೋದು ದಲ್ಲಾಳಿ. ನಾನು ಎತ್ತನ್ನೇ ನೋಡಾಕಿಲ್ಲ ಸ್ವಾಮಿ. ಹಗ್ಗ ನೋಡ್ತೀನಿ. ಅಗೋ, ಬಿಗೀತಾ ಅದೆ. ಕಂದು ಬಣ್ಣದ್ದು ಮುಂದಕ್ಕೆ ಎಳೀತದೆ. ಹಗ್ಗ ಬಿಗೀಬಾರ್ದು. ನೆಲಕ್ಕೂ ಬೀಳಬಾರ್ದು. ಸುಮ್ನೆ ನಡುವೆ ತೂಗ್ತಾ ಇರ್ಬೇಕು. ಅಂಗೆ ಮೂರು ಸುತ್ತು ಬಂದ್ರೆ ಆ ಎರಡೂ ಒಂದು ನೊಗ ಹೊರ್ತವೆ. ಒಂದು ಗಿಡ್ಡ ಇರ್ಲಿ, ಒಂದು ಬಡಕಲೇ ಇರ್ಲಿ. ಇದು ಮೇಲು ಅದು ಕೀಳು ಅನ್ನೋ ಮಾತೇ ಬರಾಕಿಲ್ಲ ಇದ್ರಲ್ಲಿ. ಅಂಗಂದ್ರೆ ನಮ್ಮಪ್ಪ ಬಾಯ್ಮೇಲೆ ಹೊಡೀತಿದ್ದ."

ಮೇಷ್ಟ್ರು ನಿಂತರು. ಪೆನ್ಸಿಲ್ ಕೈಯಲ್ಲೇ ಇತ್ತು, ಬರೆಯಲಿಲ್ಲ. "ಅಂದ್ರೆ ಮೊದಲು ಜೊತೆ ಕಟ್ಟೋದು. ಆಮೇಲೆ ಹೋಲಿಸೋದು."

"ಜೊತೇಲಿ ನಡೀದೆ ಎಂಗೆ ಹೋಲಿಸ್ತೀರಿ?"

"ನಾವು ಹಾಗೇ ಹೋಲಿಸ್ತಿದ್ವಲ್ಲ ಬೀರಯ್ಯನವರೇ, ಇಷ್ಟು ದಿನ," ಎಂದು ಮೇಷ್ಟ್ರು ಚೀಟಿಯಲ್ಲಿ ಏನನ್ನೋ ಹೊಡೆದುಹಾಕಿ ಹೊಸದಾಗಿ ಬರೆದುಕೊಂಡರು.

ಆಗ ದೇವಿರಮ್ಮ ಬಾಗಿಲಿಗೆ ಬಂದು ನಿಂತಿದ್ದಳು. ಒದ್ದೆ ಕೈಯನ್ನು ಅಕ್ಕನ ಸೆರಗಿಗೆ ಒರೆಸುತ್ತ ಎತ್ತುಗಳನ್ನೇ ನೋಡುತ್ತಿದ್ದಳು.

"ಅಪ್ಪಯ್ಯ," ಎಂದಳು. "ಜೊತೇಲಿ ಒಂದು ಸತ್ತೋಗಿರ್ತದಲ್ಲ. ಆಗ ಎಂಗೆ ಎಣೆಗಟ್ಟೀಯೆ?"

ಬೀರಯ್ಯ ಕಸುಬಿನ ಭರದಲ್ಲಿದ್ದ. ಮೇಷ್ಟ್ರಿಗೆ ಹೇಳುವಂತೆಯೇ ಹೇಳಿದ. "ಹೂಂ, ಒಳ್ಳೆ ಮಾತು ಕೇಳಿದ್ಲು ನೋಡಿ. ಒಂದು ಸತ್ರೆ ಎಲ್ರೂ ಅದ್ರಂಗೇ ಇರೋದ ಹುಡುಕ್ತಾರೆ ಸ್ವಾಮಿ. ಅದೇ ಬಣ್ಣ, ಅದೇ ಕೊಂಬು. ತಪ್ಪು. ಸತ್ತಿದ್ದು ನಡೆಯಾಕಿಲ್ವಲ್ಲ. ಅದ್ಕೆ ಎಣೆಗಟ್ಟಕಾಗಾಕಿಲ್ಲ. ಉಳಿದಿರೋದ್ರ ಜೊತೆ ಕಟ್ಟಿ ನಡೆಸಿ ನೋಡ್ಬೇಕು. ಒಂದು ದಿನ ಆಗ್ಲಿ, ಎಂಟು ದಿನ ಆಗ್ಲಿ."

"ನೋಡ್ದಿದ್ರೆ?"

"ನೋಡ್ದಿದ್ರೆ ಎರಡರ ಕೊರಳೂ ಹುಣ್ಣಾಯ್ತವೆ."

ಅಂದ ಮೇಲೆ ಅವನಿಗೆ ತನ್ನ ಮಾತು ಕೇಳಿಸಿತು.

ದೇವಿರಮ್ಮ ಒಳಗೆ ಹೋದಳು. ಮೇಷ್ಟ್ರು ಬರೆಯುತ್ತಲೇ ಇದ್ದರು. ಬೀರಯ್ಯ ಎತ್ತುಗಳ ಹಗ್ಗ ಬಿಚ್ಚಲು ಹೋದವನು ಗಂಟು ಸಿಗದೆ ಬಹಳ ಹೊತ್ತು ತಡಕಾಡಿದ.

ಎರಡು ವರ್ಷದ ಹಿಂದೆ ಶಿವನಂಜಿ ಒಂದು ವಾರದ ಜ್ವರದಲ್ಲಿ ಹೋದಾಗ ಅವಳ ಮಗಳು ಅಂಬುಜಾಗೆ ಒಂದೂವರೆ ವರ್ಷ. ಹನ್ನೊಂದನೆಯ ದಿನದ ಊಟ ಮುಗಿದು, ಎಲೆ ಎತ್ತುವ ಮೊದಲೇ ಬೀಗತಿ ತಿಮ್ಮಮ್ಮ ಮಾತು ತೆಗೆದಿದ್ದಳು: ಹೊರಗಿನವಳು ಬಂದರೆ ಕೂಸಿನ ಗತಿ ಏನು, ತಂಗಿಯನ್ನೇ ಕೊಟ್ಟುಬಿಡಿ. ಊರಲ್ಲಿ ನಡೆಯದ್ದೇನಲ್ಲ. ಇದ್ದವರೆಲ್ಲ ಹೌದು ಹೌದು ಎಂದರು. ಬೋರಮ್ಮ ಒಬ್ಬಳೇ, "ದೇವೀರಿನ ಒಂದು ಮಾತು ಕೇಳಣ" ಎಂದಿದ್ದಳು. ಅಳಿಯ ಪುಟ್ಟಸ್ವಾಮಿ ಗೋಡೆಗೆ ಒರಗಿ, ತಲೆ ಬಗ್ಗಿಸಿ, ಯಾರ ಮಾತೂ ಕಿವಿಗೆ ಬೀಳದವನಂತೆ ಕೂತಿದ್ದ. ಆಗ ಎಲ್ಲರೂ ಬೀರಯ್ಯನ ಕಡೆ ತಿರುಗಿದ್ದರು. ಜೊತೆ ನೋಡುವುದರಲ್ಲಿ ಅವನ ಮಾತಿಗೆ ಮೇಲಿಲ್ಲವಲ್ಲ. ದುಃಖದಲ್ಲಿದ್ದ, ಸುಸ್ತಾಗಿದ್ದ, ಕೂಸು ಅಳುತ್ತಿತ್ತು. "ಒಂದೇ ಕೊಟ್ಟಿಗೇಲಿ ಬೆಳೆದ ಕರಗಳು. ಅದೇ ಎತ್ತರ, ಅದೇ ದನಿ. ಎಣೆಗಟ್ಟೋದೇನದೆ ಇದ್ರಲ್ಲಿ" ಎಂದುಬಿಟ್ಟಿದ್ದ. ಎಲ್ಲರೂ ತಲೆದೂಗಿದ್ದರು. ಎತ್ತುಗಳನ್ನು ಮೂರು ಸುತ್ತು ನಡೆಸಿ ನೋಡುವ ಮನುಷ್ಯ ಮಗಳಿಗಾಗಿ ಒಂದು ಹೆಜ್ಜೆಯನ್ನೂ ನೋಡಿರಲಿಲ್ಲ.

ಸಂಜೆ ಅವನು ಮೈಸೂರಿಗೆ ಹೊರಟದ್ದು ಒಬ್ಬನೇ. "ಅವ್ಳ ಕರ್ಕೊಂಡೋಗಾಕಿಲ್ವಾ?" ಎಂದು ಬೋರಮ್ಮ ಕೇಳಿದ್ದಕ್ಕೆ, "ಮೊದ್ಲು ಮಾತಾಡ್ಕೊಂಡು ಬತ್ತೀನಿ" ಎಂದ. ಹೊರಡುವ ಮೊದಲು ಮಗಳ ಪಕ್ಕ ಕೂತು ಕೇಳಿದ. ಅವಳು ದೂರು ಅಂತ ಹೇಳಿದ್ದು ಸ್ವಲ್ಪವೇ.

"ಹೊಡ್ಯಾಕಿಲ್ಲ, ಬಯ್ಯಾಕಿಲ್ಲ ಅಪ್ಪಯ್ಯ. ಮುದ್ದೆ ಮಾಡಿದ್ರೆ ಅಕ್ಕನ ಮುದ್ದೆ ನುಣ್ಣಗಿತ್ತು ಅಂತಾರೆ. ನಕ್ಕರೆ, ಥೇಟ್ ಅಕ್ಕನಂಗೇ ನಗ್ತಾಳೆ ಅಂತಾರೆ. ಮೊದಮೊದ್ಲು ನಂಜೀ ನಂಜೀ ಅಂತ ಬಾಯಿ ತಪ್ಪಿ ಕರೀತಿದ್ರು, ನಾನು ಓಗೊಡ್ತಿರ್ಲಿಲ್ಲ. ನಿನ್ನೆ ಅತ್ತೆ ಹಿತ್ಲಿಂದ ನಂಜೀ ಅಂತ ಕರದ್ರು. ನಾನು ಬಂದೆ ಅತ್ತೆ ಅಂದ್ಬುಟ್ಟೆ." ಅಕ್ಕನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. "ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಾನು ಅಲ್ಲೇ ಇದ್ರೆ ದೇವೀರಿ ಅನ್ನೋಳು ಇರಾಕಿಲ್ಲ ಕಣಪ್ಪಯ್ಯ."

ಪುಟ್ಟಸ್ವಾಮಿ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದ. ಭಾನುವಾರದ ಹಗಲು ಪಾಳಿ ಮುಗಿಸಿ ಬಂದು, ಕೂದಲಿಗೆ ಹತ್ತಿದ ಹತ್ತಿಯ ಜುಂಗನ್ನೂ ಕೊಡವದೆ ವಠಾರದ ಮೆಟ್ಟಿಲ ಮೇಲೆ ಕೂತಿದ್ದ. ಮಾವನನ್ನು ಕಂಡು ಎದ್ದು ನಿಂತ. ಮಾವನ ಹಿಂದೆ ಯಾರೂ ಇಲ್ಲವೆಂದು ಕಂಡು ಮತ್ತೆ ಕೂತ. ತಿಮ್ಮಮ್ಮ ಒಳಗಿಂದಲೇ ಶುರುಮಾಡಿದಳು. "ಹೊತ್ತಾರೆಯಿಂದ ಕೂಸು ಒಂದು ತುತ್ತು ಉಂಡಿಲ್ಲ ಬೀಗ್ರೇ. ನಂಜಿ ಇದ್ದಾಗ ಒಂದು ದಿನ ಇಂಗಾಗಿತ್ತಾ? ಅವ್ಳ ಗುಣವೇ ಬೇರೆ ಬುಡಿ."

"ನೋಡಿ," ಎಂದ ಬೀರಯ್ಯ. "ಇದೇ. ಇದ ಬುಡಿ ಅನ್ನಾಕೆ ಬಂದೆ."

ತಿಮ್ಮಮ್ಮನಿಗೆ ಅರ್ಥವಾಗಲಿಲ್ಲ. ಪುಟ್ಟಸ್ವಾಮಿಗೆ ಆಯಿತು. "ಮಾವ, ನಾನು ಅವಳ ಮೇಲೆ ಕೈ ಎತ್ತಿಲ್ಲ" ಎಂದ.

"ಎತ್ತಿದೀರಿ ಅಂತ ಅವ್ಳೂ ಅಂದಿಲ್ಲ ಅಳಿಯಂದ್ರೇ. ಆದ್ರೆ ಸತ್ತೋಳ್ನ ಪಕ್ಕದಲ್ಲಿ ನಿಲ್ಸಿ ಇವ್ಳ ಅಳೀತೀರಿ. ಸತ್ತೋಳು ಇನ್ನು ಯಾವ ತಪ್ಪೂ ಮಾಡಾಕಿಲ್ಲ. ಮುದ್ದೆ ಗಂಟಾಗಾಕಿಲ್ಲ, ಸಾರು ಉಪ್ಪಾಗಾಕಿಲ್ಲ. ಅವಳ ಜೊತೆ ಯಾರು ತಾನೇ ಹೆಜ್ಜೆ ಹಾಕ್ಯಾರು?"

ಪುಟ್ಟಸ್ವಾಮಿ ಅಂಗೈಯಲ್ಲಿ ಮುಖ ಉಜ್ಜಿಕೊಂಡ. ಅವನ ದನಿ ಸಣ್ಣಗಾಯಿತು. "ಅವತ್ತು ಹನ್ನೊಂದನೇ ದಿನ ನನ್ನ ಯಾರಾದ್ರೂ ಕೇಳಿದ್ರಾ ಮಾವ? ನಂಜಿ ಸೀರೆ ಇನ್ನೂ ಒಣಗಾಕಿದ್ದ ಹಗ್ಗದ ಮೇಲೇ ಇತ್ತು. ಅವ್ಳಂಗೇ ಇರೋಳ್ನ ಕಣ್ಮುಂದೆ ತಂದು ನಿಲ್ಸಿದ್ರಿ. ಅವ್ಳಂಗೇ ಇದ್ದು ಅವ್ಳಲ್ಲ ಅಂದ್ರೆ ನಾನೇನ್ ಮಾಡ್ಲಿ? ಬೇರೆ ಯಾರಾದ್ರೂ ಆಗಿದ್ರೆ ಮರೀತಿದ್ನೋ ಏನೋ."

ಬೀರಯ್ಯ, ಹುಣ್ಣು ಒಂದೇ ಕೊರಳಲ್ಲಿದೆ ಅಂದುಕೊಂಡು ಅಷ್ಟು ದೂರ ನಡೆದು ಬಂದಿದ್ದ.

"ಅವ್ಳು ಸ್ವಲ್ಪ ದಿನ ನಮ್ಮಲ್ಲಿರ್ಲಿ" ಎಂದ ಕೊನೆಗೆ.

"ಇರ್ಲಿ ಬುಡಿ. ಇಷ್ಟ ಬಂದಷ್ಟು ದಿನ ಇರ್ಲಿ."

"ಕೂಸು?"

"ಕೂಸು ನಮ್ದು," ಎಂದಳು ತಿಮ್ಮಮ್ಮ. "ಅದೆಲ್ಲಿಗೂ ಬರಾಕಿಲ್ಲ."

ಅಂಬುಜಾ ಬಾಗಿಲ ಸಂದಿಯಲ್ಲಿ ನಿಂತು ತಾತನ ಹಿಂದೆ, ಬೀದಿಯ ತುದಿಯವರೆಗೂ ನೋಡುತ್ತಿತ್ತು. ಬೀರಯ್ಯ ಅದರ ತಲೆ ಸವರಿ ಹೊರಟ. ಒಳ್ಳೆಯದನ್ನೇ ಮಾಡಿದೆ, ಕೊರಳಿಂದ ಹಗ್ಗ ತೆಗೆದೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡ.

ಮೊದಲ ನಾಲ್ಕು ದಿನ ದೇವಿರಮ್ಮ ಚೆನ್ನಾಗಿಯೇ ಇದ್ದಳು. ತನ್ನ ಹಳೆಯ ಸೀರೆ ಉಟ್ಟಳು. ಮುದ್ದೆ ತನಗೆ ಬೇಕಾದಂತೆ ಗಟ್ಟಿಯಾಗಿ ಮಾಡಿದಳು. "ಇದು ಮುದ್ದೆಯೋ, ಕವಣೆ ಕಲ್ಲೋ" ಎಂದು ಬೋರಮ್ಮ ಹೇಳಿದರೆ, "ಹಲ್ಲು ಉದುರ್ಬುಟ್ರೆ ನಾನೇನ್ ಮಾಡ್ಲವ್ವ" ಎಂದು ನಕ್ಕಳು. ಯಾರ ನಗುವಿನಂತಿದೆ ಎಂದು ಯಾರೂ ಹೇಳಲಿಲ್ಲ. ಬೀರಯ್ಯನಿಗೆ ಎರಡು ವರ್ಷದ ಮೇಲೆ ಅನ್ನ ರುಚಿಸಿತು.

ಆರನೆಯ ದಿನವೋ ಏಳನೆಯ ದಿನವೋ, ಅವಳು ಬಾವಿಯಿಂದ ನೀರು ತರುತ್ತಿದ್ದಳು. ಬೀರಯ್ಯ ಕೊಟ್ಟಿಗೆಯ ಬಳಿ ಹುಲ್ಲು ಉದುರಿಸುತ್ತಿದ್ದವನು ಸುಮ್ಮನೆ ತಲೆಯೆತ್ತಿ ನೋಡಿದ. ಚಿಕ್ಕಂದಿನಿಂದ ಎಡ ಸೊಂಟಕ್ಕೆ ಕೊಡ ಇಡುತ್ತಿದ್ದ ಹುಡುಗಿ, ಈಗ ಬಲಕ್ಕೆ ಇಟ್ಟಿದ್ದಳು. ಎಡಗೈ ಸ್ವಲ್ಪ ಕೆಳಗೆ ಬಗ್ಗಿ, ಬೆರಳು ಬಿಡಿಸಿಕೊಂಡು, ಸುಮ್ಮನೆ ತೂಗುತ್ತಿತ್ತು. ಉದ್ದುದ್ದ ಹೆಜ್ಜೆಯವಳು ಅರ್ಧ ಹೆಜ್ಜೆ ಹಾಕುತ್ತಿದ್ದಳು. ದಾರಿಯಲ್ಲಿ ಒಂದು ಕಲ್ಲು ಬಂತು. ಅವಳು ಎಡಕ್ಕೆ ಸಾಕಷ್ಟು ಜಾಗ ಬಿಟ್ಟು ಸುತ್ತಿ ನಡೆದಳು.

ಬೀರಯ್ಯ ಹುಲ್ಲನ್ನು ಹಾಗೇ ಹಿಡಿದು ನಿಂತ. ಅವನು ಇದನ್ನು ಎಷ್ಟೋ ಸಲ ನೋಡಿದ್ದ. ಜೊತೆ ಕಳೆದುಕೊಂಡ ಎತ್ತನ್ನು ಖಾಲಿ ಬಯಲಲ್ಲಿ ಬಿಟ್ಟರೂ ಅದು ಒಂದು ಮಗ್ಗುಲು ಬಿಟ್ಟುಕೊಂಡೇ ನಡೆಯುತ್ತದೆ. ಗೋದಲೆಯಲ್ಲಿ ಅರ್ಧ ಹುಲ್ಲು ತಿಂದು ಉಳಿದರ್ಧ ಮುಟ್ಟುವುದಿಲ್ಲ. ಹಾಗೆ ನಡೆಯುವ ಎತ್ತನ್ನು ಕಂಡರೆ, ಇದರ ಹಳೆಯ ಜೊತೆ ಸರಿಯಾಗಿತ್ತು ಎಂದು ಎಲ್ಲರಿಗಿಂತ ಮೊದಲು ಹೇಳುತ್ತಿದ್ದವನು ಅವನೇ.

ಮಧ್ಯಾಹ್ನ ಅವಳು ಪಡಸಾಲೆಯಲ್ಲಿ ಮಲಗಿದಾಗಲೂ ನೋಡಿದ. ಗೋಡೆಗೆ ಒತ್ತಿಕೊಂಡು ಮಲಗಿದ್ದಳು. ಚಾಪೆಯ ಮುಕ್ಕಾಲು ಭಾಗ ಖಾಲಿ. ತೋಳು ಆ ಖಾಲಿಯ ಮೇಲೆ ಚಾಚಿತ್ತು.

ಮಗಳನ್ನು ಅಳಿಯನಿಗೆ ಕಟ್ಟಿದ್ದು ತಪ್ಪು ಎಂದು ಅವನು ಒಪ್ಪಿಕೊಂಡಿದ್ದ. ಅದನ್ನು ಸರಿಮಾಡುತ್ತೇನೆಂದು ಹೋಗಿ, ಎರಡು ವರ್ಷ ಯಾರ ಅಪ್ಪಣೆಯೂ ಇಲ್ಲದೆ ತಮ್ಮಷ್ಟಕ್ಕೆ ತಾವೇ ಜೊತೆಯಾಗಿದ್ದ ಇಬ್ಬರನ್ನು, ಅವಳನ್ನೂ ಕೂಸನ್ನೂ, ಬೇರೆಮಾಡಿ ಬಂದಿದ್ದ. ಆ ಮನೆಗೆ ಎಷ್ಟು ಸಲ ಹೋಗಿಲ್ಲ ಅವನು? ಪ್ರತಿ ಸಲವೂ ಕೂಸು ದೇವಿರಮ್ಮನ ಸೆರಗಿನ ತುದಿ ಹಿಡಿದು ಹಿಂದೆಯೇ ತಿರುಗುತ್ತಿತ್ತು. ಸೆರಗು ಎಂದಾದರೂ ಬಿಗಿದದ್ದು ನೋಡಿದ್ದನೇ? ನೆಲಕ್ಕೆ ಬಿದ್ದದ್ದು ನೋಡಿದ್ದನೇ? ನೋಡಿದ್ದ, ಕಂಡಿರಲಿಲ್ಲ. ಆಗೆಲ್ಲ ಅವನ ಕಣ್ಣು ಇವಳಲ್ಲಿ ಶಿವನಂಜಿಯನ್ನು ಹುಡುಕುವುದರಲ್ಲೇ ಇತ್ತು. ಅಳಿಯನಿಗೆ ಯಾವ ತಪ್ಪನ್ನು ಹೇಳಿ ಬಂದಿದ್ದನೋ ಅದೇ ತಪ್ಪು.

ಅವಳು ಎದ್ದಾಗ ಕೇಳಿದ. "ಕೂಸ್ನ ಇಲ್ಲಿಗೆ ತರ್ಲಾ ಮಗಾ? ಇನ್ನೊಂದು ಸಲ ಹೋಗಿ ಕಾಲು ಹಿಡಿದು ಕೇಳ್ತೀನಿ."

"ಕೊಡಾಕಿಲ್ಲ ಅಪ್ಪಯ್ಯ. ಕೊಡಬಾರ್ದು ಕೂಡ. ಅವ್ರಿಗೆ ಅಕ್ಕಂದು ಅಂತ ಉಳಿದಿರೋದು ಅದೊಂದೇ."

"ಮತ್ತೆ?"

ಅವಳು ಕೂದಲು ಸುತ್ತಿ ಗಂಟು ಹಾಕಿದಳು. "ನಾಳೆ ಹೋಯ್ತೀನಿ" ಎಂದಳು.

"ನಿಂಗಿಷ್ಟ ಇಲ್ದೆ ಹೋಗ್ಬ್ಯಾಡ ಮಗಾ. ನಾನು ಬಲವಂತ ಮಾಡಾಕಿಲ್ಲ. ಈ ಮನೆ ಅದೆ, ಈ ಅನ್ನ ಅದೆ."

"ಅವತ್ತು ಕೇಳ್ಬೇಕಿತ್ತು ಅಪ್ಪಯ್ಯ, ಇದ." ಮುನಿಸಿಲ್ಲದೆ ಹೇಳಿದಳು, ಮಳೆ ಯಾವಾಗ ಬಂತು ಎಂದು ಹೇಳುವ ಹಾಗೆ. "ಈಗ ಇಷ್ಟ ಇಲ್ಲ ಅನ್ನಾಕೂ ಆಗಾಕಿಲ್ಲ. ಅದು ನನ್ನ ಅವ್ವ ಅಂತದೆ. ಆ ಮನೇಲಿ ಅದಕ್ಕೊಂದಕ್ಕೇ ಅಕ್ಕನ ಗ್ಯಾನ ಇಲ್ಲ. ಅದೊಂದೇ ನನ್ನ ಯಾರಿಗೂ ಹೋಲಿಸಾಕಿಲ್ಲ."

ಬೀರಯ್ಯ ಹೊರಗೆ ಬಂದು ಕೊಟ್ಟಿಗೆಯ ಕತ್ತಲಲ್ಲಿ, ಬಿಳಿ ಎತ್ತಿನ ಮೈಗೆ ಕೈಯಿಟ್ಟು ನಿಂತ. ಬೋರಮ್ಮ ಹುಡುಕಿಕೊಂಡು ಬಂದವಳು ಅವನ ಬೆನ್ನು ನೋಡಿ ಹಿಂದಕ್ಕೆ ಹೋದಳು.

ಮರುದಿನ ಅವಳು ಹೊರಟದ್ದು ತನ್ನ ಸೀರೆಯಲ್ಲಿ. ಮದುವೆಗೂ ಮುಂಚಿನದು, ಬಣ್ಣ ಹೋದದ್ದು. ಅಕ್ಕನ ಹಸಿರು ಸೀರೆಯನ್ನು ಒಗೆದು, ಮಡಚಿ, ತಾಯಿಯ ಕೈಗೆ ಕೊಟ್ಟಳು. "ಇದ ಇಲ್ಲೇ ಮಡಗವ್ವ. ಅಂಬುಜಾ ದೊಡ್ಡೋಳಾದ್ಮೇಲೆ ನಿಮ್ಮವ್ವಂದು ಅಂತ ಏಳಿ ಕೊಡಾನ." ಬೋರಮ್ಮ ಆ ಸೀರೆಯನ್ನು ಎದೆಗೆ ಹಿಡಿದುಕೊಂಡಳು. ಯಾವ ಮಗಳಿಗಾಗಿ ಅಳುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಹುಣಸೂರು ರಸ್ತೆಯಲ್ಲಿ ಅಪ್ಪ ಮಗಳು ನಡೆದರು. ಒಂಟಿಕೊಪ್ಪಲು ದಾಟುವಾಗ ಸೌದೆ ಗಾಡಿಯವನೊಬ್ಬ, "ಏನ್ ಬೀರಣ್ಣ, ಯಾರಿಗೆ ಜೋಡಿ ನೋಡಕ್ಕೆ ಹೊಂಟೆ?" ಎಂದು ಕೂಗಿದ. ಬೀರಯ್ಯ ಕೇಳಿಸದವನಂತೆ ತಲೆಬಗ್ಗಿಸಿದ. ಮಂಡಿ ಮೊಹಲ್ಲಾದ ತಿರುವಿನಲ್ಲಿ ದೇವಿರಮ್ಮ ನಿಂತಳು.

"ನೀನಿಲ್ಲೇ ಇರಪ್ಪಯ್ಯ. ನಾನೊಬ್ಳೇ ಹೋಯ್ತೀನಿ."

ಅವನು ಗೋಡೆಯ ನೆರಳಲ್ಲಿ ನಿಂತ. ಅವಳು ವಠಾರದ ಮುಂದೆ ಹೋದಳು. ತಿಮ್ಮಮ್ಮ ಮೆಟ್ಟಿಲ ಮೇಲೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಅವಳನ್ನು ಮೇಲಿಂದ ಕೆಳಗೆ ನೋಡಿದ್ದು ಇಲ್ಲಿಗೂ ಕಂಡಿತು.

"ನಂಜಿ ಸೀರೆ ಏನ್ ಮಾಡ್ದೆ?"

"ಅಪ್ಪನ ಮನೇಲದೆ ಅತ್ತೆ."

ತಿಮ್ಮಮ್ಮ ಇನ್ನೇನು ಹೇಳುತ್ತಿದ್ದಳೋ, ಅಷ್ಟರಲ್ಲಿ ಅಂಬುಜಾ ಒಳಗಿಂದ ಬಂತು. ಓಡಿ ಬರಲಿಲ್ಲ. ಬಾಗಿಲಲ್ಲೇ ನಿಂತು, ತುಟಿ ಬಿಗಿಹಿಡಿದು, ಎಂಟು ದಿನದ ಕೋಪವನ್ನೆಲ್ಲ ಕಣ್ಣಲ್ಲಿ ತುಂಬಿಕೊಂಡು ನೋಡಿತು. ದೇವಿರಮ್ಮ ಕರೆಯಲಿಲ್ಲ, ಕೈ ಚಾಚಲಿಲ್ಲ. ಅದರ ಪಕ್ಕದಿಂದ ನಡೆದು ಹಿತ್ತಲ ಕಡೆ, ಕೊಡ ಇರುವ ಕಡೆ ಹೋದಳು. ಕೂಸು ಒಂದು ಗಳಿಗೆ ಹಾಗೇ ನಿಂತಿತ್ತು. ಆಮೇಲೆ ಹಿಂದಿನಿಂದ ಹೋಗಿ ಸೆರಗಿನ ತುದಿ ಹಿಡಿಯಿತು.

ಅವರಿಬ್ಬರೂ ಕೊಡ ತೆಗೆದುಕೊಂಡು ಬೀದಿ ನಲ್ಲಿಗೆ ಬಂದರು, ಹೋದರು. ಬೀರಯ್ಯ ಹಗ್ಗ ನೋಡುವ ಕಣ್ಣಲ್ಲಿ ನೋಡಿದ. ಬಣ್ಣ ಹೋದ ಆ ಸೆರಗು ಬಿಗಿಯಲಿಲ್ಲ, ನೆಲಕ್ಕೂ ಬೀಳಲಿಲ್ಲ. ಇಷ್ಟು ಸರಿಯಾದ ಜೊತೆಯನ್ನು ಅವನು ಸಂತೆಯಲ್ಲೂ ಕಂಡಿರಲಿಲ್ಲ. ಗಿರಣಿಯ ಕೂಗು ಕೇಳಿಸಿತು. ಇನ್ನು ಸ್ವಲ್ಪ ಹೊತ್ತಿಗೆ ಪುಟ್ಟಸ್ವಾಮಿ ಬರುತ್ತಾನೆ. ಬಣ್ಣ ಹೋದ ಸೀರೆ ನೋಡುತ್ತಾನೆ. ಏನೋ ಹೇಳುತ್ತಾನೆ, ಅಥವಾ ಹೇಳಬೇಕೆಂದು ನುಂಗಿಕೊಳ್ಳುತ್ತಾನೆ. ಅವನದೂ ತಪ್ಪಲ್ಲ. ತಾನು ಕಟ್ಟಿದ ಆ ಇನ್ನೊಂದು ಜೊತೆಯನ್ನು ನೋಡಲು ಬೀರಯ್ಯ ನಿಲ್ಲಲಿಲ್ಲ. ತಿರುಗಿ ನಡೆದ.

ತಿಂಗಳ ಮೇಲೆ ಮರಿಸ್ವಾಮಿ ಮೇಷ್ಟ್ರು ಮತ್ತೆ ಬಂದರು. ಹಗ್ಗ ಗೂಟದಲ್ಲಿರಲಿಲ್ಲ. ಅದನ್ನು ಬಿಡಿಸಿ ಹೊಸೆದು ಬಾವಿಯ ಹಗ್ಗಕ್ಕೆ ಗಂಟು ಹಾಕಿದ್ದ ಬೀರಯ್ಯ. ಸೌದೆ ಡಿಪೋದವರು ಬಂದರೆ ಕಣ್ಣು ಮಂಜಾಗಿದೆ ಎಂದು ಹೇಳಿ ಕಳಿಸುತ್ತಿದ್ದ. ಗೂಟ ಖಾಲಿಯಿದ್ದದ್ದನ್ನು ಮೇಷ್ಟ್ರು ಗಮನಿಸಲಿಲ್ಲ. ಸಂತೋಷದಲ್ಲಿದ್ದರು. ಶುದ್ಧವಾಗಿ ಬರೆದ ಒಂದು ಚೀಟಿ ತೆಗೆದು ಓದಿದರು.

"ಎಣೆಗಟ್ಟು. ಎರಡನ್ನು ಒಂದೇ ಹಗ್ಗದಲ್ಲಿ ಜೊತೆಯಾಗಿ ಕಟ್ಟಿ, ನಡೆಸಿ, ಹೊಂದುವುವೇ ಎಂದು ನೋಡು. ಅದರಿಂದ, ಹೋಲಿಸು. ಎರಡೂ ಬದುಕಿರಬೇಕು. ಹೇಳಿದವರು, ಹಿನಕಲ್ ಬೀರಯ್ಯ." ಕನ್ನಡಕ ತೆಗೆದು ನೋಡಿದರು. "ಸರಿಯಾಗಿದೆಯೇ? ತಪ್ಪಿದ್ರೆ ಈಗಲೇ ಹೇಳಿ. ಅಚ್ಚಾದ ಮೇಲೆ ತಿದ್ದಕ್ಕಾಗಲ್ಲ."

ಬೀರಯ್ಯ ಆ ಚೀಟಿಯನ್ನು ಕೈಗೆ ತೆಗೆದುಕೊಂಡ. ಓದು ಬಾರದು. ಆದರೂ ಅಕ್ಷರಗಳ ಮೇಲೆ ಬೆರಳಾಡಿಸಿದ.

"ಮಾತು ಸರಿಯಾಗದೆ ಸ್ವಾಮಿ. ಕೊನೇದು ಒಂದು ತೆಗೀರಿ."

"ಯಾವುದು? ಬದುಕಿರಬೇಕು ಅನ್ನೋದೇ?"

"ಅಲ್ಲ. ಅದ ಬುಡಿ, ಇರ್ಲಿ. ಹೇಳಿದವ್ರು ಅಂತ ನನ್ನ ಹೆಸ್ರು ಹಾಕಿದೀರಲ್ಲ, ಅದು."

"ಯಾಕ್ರೀ? ನಿಮ್ಮಿಂದಲೇ ತಾನೇ ತಿಳಿದದ್ದು?"

"ಹೇಳ್ದೆ ಸ್ವಾಮಿ," ಎಂದ ಬೀರಯ್ಯ. "ಹೇಳಾಕೆ ಬತ್ತಿತ್ತು ನಂಗೆ, ಅಷ್ಟೇ."

ಮೇಷ್ಟ್ರು ಅವನ ಮುಖವನ್ನೊಮ್ಮೆ ನೋಡಿ, ಮತ್ತೆ ಕೇಳದೆ, ಪೆನ್ಸಿಲ್ಲಿನಿಂದ ಹೆಸರಿನ ಮೇಲೆ ಗೆರೆ ಎಳೆದರು. ಬೋರಮ್ಮ ನೀರು ಬೆಲ್ಲ ತಂದಿಟ್ಟಳು. ಬಾವಿಯ ಕಡೆಯಿಂದ ರಾಟೆಯ ಸದ್ದು ಬರುತ್ತಿತ್ತು.